ಗಾಜಿನ ಆಕಾಶ: ತೂಸಿಯ ವೃತ್ತದಿಂದ ಕ್ರಾಕೋವ್‌ನ ಕಿಟಕಿಯವರೆಗೆ

ಪ್ರಥಮ ಪಿಯು ಭೌತಶಾಸ್ತ್ರದಲ್ಲಿ ಗುರುತ್ವಾಕರ್ಷಣೆಯ ಪಾಠ ಬಂದಾಗ ಟಾಲೆಮಿಯ ಹೆಸರು ಒಮ್ಮೆ ಬರುತ್ತದೆ. ಭೂಮಿ ನಡುವೆ ನಿಂತಿದೆ, ಉಳಿದದ್ದೆಲ್ಲ ಅದನ್ನು ಸುತ್ತುತ್ತದೆ ಎಂದವನು ಅವನು. ಮುಂದಿನ ಕೆಲವು ಸಾಲುಗಳಲ್ಲಿ ಕೋಪರ್ನಿಕಸ್ ಬಂದು ಸೂರ್ಯನನ್ನು ನಡುವೆ ಇಡುತ್ತಾನೆ. ಅಷ್ಟರಲ್ಲಿ ನಾವು ಕೆಪ್ಲರನ ನಿಯಮಗಳಿಗೆ ಬಂದಿರುತ್ತೇವೆ. ಪ್ರತಿ ವರ್ಷ ಒಬ್ಬರಾದರೂ ಕೇಳುತ್ತೀರಿ: "ಸರ್, ತಪ್ಪು ಅಂತ ಗೊತ್ತಾದ ಮೇಲೆ ಆ ಟಾಲೆಮಿಯನ್ನ ಯಾಕೆ ಓದಬೇಕು?" ಪ್ರಶ್ನೆ ಒಳ್ಳೆಯದೇ. ತರಗತಿಯಲ್ಲಿ ಉತ್ತರ ಹೇಳುತ್ತ ಕೂತರೆ ಸಿಲೆಬಸ್ ಮುಗಿಯುವುದಿಲ್ಲ. ವಾರ್ತಾಪತ್ರಕ್ಕೆ ಲೇಖನ ಬೇಕೆಂದು ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಉತ್ತರಕ್ಕೆ ನಾನು ಹಿಡಿದಿರುವ ದಾರಿ ಸ್ವಲ್ಪ ಸುತ್ತಿನದು. ಅದು ಪೋಲೆಂಡ್ ದೇಶದ ಒಂದು ಬಣ್ಣದ ಗಾಜಿನ ಕಿಟಕಿಗೆ ಹೋಗಿ ಮುಟ್ಟುತ್ತದೆ.

ಮೊದಲು ಆಕಾಶವನ್ನು ನೋಡೋಣ. ಉರ್ದು ಬಲ್ಲವರಿಗೆ 'ಫಲಕ್' ಎಂದರೆ ಆಕಾಶ. ಅರಬಿ ಖಗೋಳಶಾಸ್ತ್ರದ ಪುಸ್ತಕಗಳಲ್ಲಿ ಈ ಮಾತಿಗೆ ಹೆಚ್ಚು ಖಚಿತವಾದ ಅರ್ಥವಿದೆ. ಗ್ರಹವೊಂದನ್ನು ಹೊತ್ತು ತಿರುಗುವ ಗೋಳ ಅದು. ಅದರ ಬಹುವಚನ 'ಅಫ್ಲಾಕ್'. ಗ್ರಹ ತಾನಾಗಿ ಶೂನ್ಯದಲ್ಲಿ ಚಲಿಸುತ್ತದೆ ಎಂದು ಹಿಂದಿನವರು ಭಾವಿಸಿರಲಿಲ್ಲ. ಉಂಗುರದಲ್ಲಿ ಹರಳು ಕೂತಂತೆ ಗ್ರಹವು ಒಂದು ಗೋಳದಲ್ಲಿ ಕೂತಿದೆ, ಗೋಳ ತಿರುಗಿದಾಗ ಗ್ರಹವೂ ತಿರುಗುತ್ತದೆ ಎಂದುಕೊಂಡಿದ್ದರು. ಒಳಗಿನಿಂದ ಹೊರಕ್ಕೆ ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ, ಎಲ್ಲಕ್ಕಿಂತ ಹೊರಗೆ ನಕ್ಷತ್ರಗಳ ಗೋಳ. ಅರಿಸ್ಟಾಟಲ್ ಇಂಥ 55 ಗೋಳಗಳ ಲೆಕ್ಕ ಹೇಳಿದ್ದ. ಚಂದ್ರನ ಗೋಳದ ಆಚೆಗಿರುವ ಶನಿಯೂ ನಕ್ಷತ್ರಗಳೂ ನಮಗೆ ಕಾಣುತ್ತವೆಯಲ್ಲ, ಹಾಗಾದರೆ ಆ ಗೋಳಗಳು ಪಾರದರ್ಶಕವೇ ಆಗಿರಬೇಕು. ಯುರೋಪಿನವರು ಅವನ್ನು ಸ್ಫಟಿಕದ ಗೋಳಗಳೆಂದೇ ಕರೆದರು. ಗಾಜಿನೊಳಗೆ ಗಾಜು, ಅದರೊಳಗೆ ಗಾಜು, ನಟ್ಟನಡುವೆ ನಾವು.

ಈ ಚಿತ್ರ ಸುಂದರವಾಗಿದೆ, ಆದರೆ ಆಕಾಶ ಇದಕ್ಕೆ ಒಪ್ಪುವುದಿಲ್ಲ. ಮಂಗಳ ಗ್ರಹ ನಕ್ಷತ್ರಗಳ ಹಿನ್ನೆಲೆಯಲ್ಲಿ ಪೂರ್ವಕ್ಕೆ ಸರಿಯುತ್ತ ಹೋಗಿ, ಸುಮಾರು 780 ದಿನಗಳಿಗೊಮ್ಮೆ ನಿಂತು, ಕೆಲವು ವಾರ ಹಿಂದಕ್ಕೆ ನಡೆದು, ಮತ್ತೆ ಮುಂದಕ್ಕೆ ಹೊರಡುತ್ತದೆ. ಪಂಚಾಂಗದವರು ಇದನ್ನೇ ವಕ್ರಗತಿ ಎನ್ನುತ್ತಾರೆ. ಒಂದೇ ಗೋಳ ಒಂದೇ ವೇಗದಲ್ಲಿ ತಿರುಗಿದರೆ ಹೀಗಾಗಲು ಸಾಧ್ಯವಿಲ್ಲ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಟಾಲೆಮಿ ತನ್ನ ಗ್ರಂಥದಲ್ಲಿ ದೊಡ್ಡ ವೃತ್ತದ ಮೇಲೆ ಒಂದು ಮರಿ ವೃತ್ತವನ್ನು ಕೂರಿಸಿ ಇದನ್ನು ಸರಿದೂಗಿಸಿದ. ಆ ಗ್ರಂಥಕ್ಕೆ ಅರಬರು ಇಟ್ಟ ಹೆಸರು 'ಅಲ್ ಮಜಿಸ್ತಿ'. ಇಂದು ಇಡೀ ಜಗತ್ತು ಅದನ್ನು ಆಲ್ಮಜೆಸ್ಟ್ ಎಂದು ಕರೆಯುವುದು ಅದರಿಂದಲೇ. ಗ್ರಹ ಮರಿ ವೃತ್ತದಲ್ಲಿ ಸುತ್ತುತ್ತದೆ, ಮರಿ ವೃತ್ತದ ಕೇಂದ್ರ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ಜಾತ್ರೆಯ ತೊಟ್ಟಿಲು ತಿರುಗುವಾಗ ಅದರ ಒಂದು ತೊಟ್ಟಿಲೊಳಗೆ ಕೂತವನು ಕೈಯಲ್ಲಿ ಬ್ಯಾಟರಿ ಹಿಡಿದು ಗರಗರನೆ ಬೀಸುತ್ತಿದ್ದಾನೆಂದು ಊಹಿಸಿಕೊಳ್ಳಿ. ದೂರದಿಂದ ನೋಡಿದರೆ ಬೆಳಕು ಆಗಾಗ ಹಿಂದಕ್ಕೆ ಹೋದಂತೆ ಕಾಣುತ್ತದೆ. ಮರಿ ವೃತ್ತದ ಉಪಾಯ ಆರ್ಯಭಟನ ಗಣಿತದಲ್ಲೂ ಇದೆ ಎಂಬುದನ್ನು ನೆನಪಿಡಿ.

ಲೆಕ್ಕ ಇನ್ನೂ ಚೆನ್ನಾಗಿ ಕೂಡಿಬರಲೆಂದು ಟಾಲೆಮಿ ಮತ್ತೊಂದು ಕೆಲಸ ಮಾಡಿದ. ಮರಿ ವೃತ್ತದ ಕೇಂದ್ರವು ಸಮವೇಗದಲ್ಲಿ ಚಲಿಸುತ್ತದೆ, ಆದರೆ ಆ ಸಮವೇಗ ಕಾಣುವುದು ದೊಡ್ಡ ವೃತ್ತದ ಕೇಂದ್ರದಿಂದಲ್ಲ, ಪಕ್ಕಕ್ಕೆ ಸರಿದ ಬೇರೊಂದು ಬಿಂದುವಿನಿಂದ ಎಂದ. ಇದಕ್ಕೆ ಈಕ್ವಾಂಟ್ ಎಂದು ಹೆಸರು. ಕಾಗದದ ಮೇಲೆ ಇದು ಸರಿಯಾಗಿ ನಡೆಯುತ್ತದೆ. ಗ್ರಹಗಳ ಸ್ಥಾನ ಬಹುಮಟ್ಟಿಗೆ ಸರಿಯಾಗಿಯೇ ಸಿಗುತ್ತದೆ.

ತಕರಾರು ಬಂದದ್ದು ಗಾಜಿನ ಕಡೆಯಿಂದ. ಗೋಳ ಎಂಬುದು ನಿಜವಾದ ಒಂದು ಘನವಸ್ತುವಾಗಿದ್ದರೆ ಅದು ತನ್ನ ಕೇಂದ್ರದ ಮೂಲಕ ಹಾದ ಅಕ್ಷದ ಸುತ್ತ ಸಮವಾಗಿ ತಿರುಗಬೇಕು. ಬೇರೆಲ್ಲೋ ಇರುವ ಬಿಂದುವಿನ ಲೆಕ್ಕಕ್ಕೆ ಸರಿಯಾಗಿ ಅದು ತನ್ನ ಜಾಗದಲ್ಲಿ ಕೂತು ಒಮ್ಮೆ ಬೇಗ, ಒಮ್ಮೆ ನಿಧಾನ ತಿರುಗಲು ಹೇಗೆ ಸಾಧ್ಯ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಇಬ್ನುಲ್ ಹೈಸಮ್. ನೀವು ಅವರನ್ನು ದೃಗ್ವಿಜ್ಞಾನದ ಪಿತಾಮಹ ಎಂದು ಕೇಳಿರುತ್ತೀರಿ. 965ರಲ್ಲಿ ಬಸ್ರಾದಲ್ಲಿ ಹುಟ್ಟಿದ ಅವರು 'ಟಾಲೆಮಿಯ ಬಗ್ಗೆ ಸಂದೇಹಗಳು' ಎಂಬ ಅರ್ಥದ ಹೆಸರಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಉತ್ತರ ಸರಿ ಬಂದರೆ ಸಾಕೆಂದು ಸುಮ್ಮನಿರದೆ, ಈ ಯಂತ್ರ ನಿಜಕ್ಕೂ ತಿರುಗಬಲ್ಲದೆ ಎಂದು ಕೇಳಿದ್ದು ಅವರ ಹೆಚ್ಚುಗಾರಿಕೆ. ಪರೀಕ್ಷೆಯಲ್ಲಿ ಉತ್ತರ ಕೂಡಿಸಿ ಬರೆಯುವ ಅಭ್ಯಾಸವಿರುವ ನಮ್ಮ ಕೆಲವರು ಇದನ್ನು ಎರಡು ಸಲ ಓದಿದರೂ ನಷ್ಟವಿಲ್ಲ.

ಸುಮಾರು ಎರಡು ಶತಮಾನಗಳ ನಂತರ ಉತ್ತರದ ಒಂದು ತುಂಡು ಸಿಕ್ಕಿತು. ಈಗಿನ ಇರಾನಿನ ವಾಯವ್ಯ ಭಾಗದ ಮರಾಘಾದಲ್ಲಿ 1259ರಲ್ಲಿ ಒಂದು ವೀಕ್ಷಣಾಲಯ ಕಟ್ಟಲು ಆರಂಭಿಸಿದರು. ಅದರ ಮುಖ್ಯಸ್ಥರು ನಸೀರುದ್ದೀನ್ ತೂಸಿ. ಅವರು ತೋರಿಸಿದ್ದು ಇಷ್ಟು: R ತ್ರಿಜ್ಯದ ದೊಡ್ಡ ವೃತ್ತದ ಒಳಗೆ R/2 ತ್ರಿಜ್ಯದ ಸಣ್ಣ ವೃತ್ತವನ್ನು ಅಂಚಿಗೆ ತಾಗಿಸಿ ಜಾರದಂತೆ ಉರುಳಿಸಿ. ಸಣ್ಣ ವೃತ್ತದ ಅಂಚಿನ ಮೇಲಿನ ಒಂದು ಚುಕ್ಕೆಯನ್ನು ಗಮನಿಸಿ. ಅದು ಸುರುಳಿ ಸುತ್ತುವುದಿಲ್ಲ. ದೊಡ್ಡ ವೃತ್ತದ ವ್ಯಾಸದುದ್ದಕ್ಕೂ ನೇರ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ!

ನಂಬಿಕೆ ಬರದಿದ್ದರೆ ಲೆಕ್ಕ ಮಾಡಿ. ಸಣ್ಣ ವೃತ್ತದ ಕೇಂದ್ರ θ ಕೋನ ಸರಿದಾಗ ಅದರ ಸ್ಥಾನ (R/2)cosθ, (R/2)sinθ. ಕೇಂದ್ರದಿಂದ ನೋಡಿದರೆ ಚುಕ್ಕೆ ಅಷ್ಟೇ ಕೋನ ವಿರುದ್ಧ ದಿಕ್ಕಿಗೆ ತಿರುಗಿರುತ್ತದೆ, ಅಂದರೆ (R/2)cosθ, −(R/2)sinθ. ಎರಡನ್ನೂ ಕೂಡಿಸಿ. y ಭಾಗ ಸೊನ್ನೆಯಾಯಿತು, x = R cosθ ಉಳಿಯಿತು. ಆಂದೋಲನಗಳ ಪಾಠದಲ್ಲಿ ಸರಳ ಸಂಗತ ಚಲನೆ ಎಂದು ನೀವು ಬರೆಯುವ ಸಮೀಕರಣವೇ ಇದು. ಎರಡು ಸಮವೃತ್ತ ಚಲನೆಗಳನ್ನು ಸೇರಿಸಿ ಒಂದು ಸರಳರೇಖೆಯನ್ನು ಪಡೆದಂತಾಯಿತು. ಎರಡು ವೃತ್ತಗಳೂ ತಮ್ಮ ತಮ್ಮ ಕೇಂದ್ರದ ಸುತ್ತಲೇ ಸಮವಾಗಿ ತಿರುಗುತ್ತಿವೆ, ಆದ್ದರಿಂದ ಗಾಜಿನ ಗೋಳಕ್ಕೂ ಇದು ಸಾಧ್ಯ. ಈಕ್ವಾಂಟ್ ಎಂಬ ಪಕ್ಕದ ಬಿಂದುವಿನ ಕೆಲಸವನ್ನು ಈ ಜೋಡಿಯಿಂದ ಮಾಡಿಸಬಹುದಿತ್ತು. ಇತಿಹಾಸಕಾರರು ಇದನ್ನು 'ತೂಸಿ ಜೋಡಿ' ಎನ್ನುತ್ತಾರೆ. ಆಕಾಶದಲ್ಲಿ ಗಟ್ಟಿ ಗೋಳಗಳಿವೆ ಎಂಬ ನಂಬಿಕೆ ತಪ್ಪು. ಆದರೆ ಆ ನಂಬಿಕೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದರಿಂದಲೇ ಈ ಪ್ರಮೇಯ ಹುಟ್ಟಿತು, ಮತ್ತು ಪ್ರಮೇಯದಲ್ಲಿ ಯಾವ ತಪ್ಪೂ ಇಲ್ಲ.

ಮುಂದಿನ ಹೆಸರು ಇಬ್ನ್ ಶಾತಿರ್, ಡಮಾಸ್ಕಸ್‌ನವರು (1304–1375). ಅಲ್ಲಿಯ ಉಮಯ್ಯದ್ ಮಸೀದಿಯಲ್ಲಿ ನಮಾಜಿನ ವೇಳೆ ಲೆಕ್ಕ ಹಾಕುವ ಮುವಕ್ಕಿತ್ ಆಗಿದ್ದರು. ಅವರನ್ನು ಕಾಡಿದ್ದು ಚಂದ್ರ. ಟಾಲೆಮಿಯ ಮಾದರಿ ಚಂದ್ರ ಎಲ್ಲಿದ್ದಾನೆಂದು ಚೆನ್ನಾಗಿಯೇ ಹೇಳುತ್ತಿತ್ತು. ಆದರೆ ಆ ಮಾದರಿಯ ಪ್ರಕಾರ ಚಂದ್ರನ ದೂರ ಭೂಮಿಯ ತ್ರಿಜ್ಯದ ಸುಮಾರು 64 ಪಟ್ಟಿನಿಂದ ಸುಮಾರು 34 ಪಟ್ಟಿಗೆ ಇಳಿಯುತ್ತದೆ. ದೂರ ಹತ್ತಿರಹತ್ತಿರ ಅರ್ಧವಾದರೆ ಗಾತ್ರ ಎರಡು ಪಟ್ಟು ಕಾಣಬೇಕು. ಅರ್ಧಚಂದ್ರನ ಸಮಯದಲ್ಲಿ ಚಂದ್ರ ನಮಗೆ ಅಷ್ಟು ದೊಡ್ಡದಾಗಿ ಕಾಣುತ್ತಾನೆಯೇ? ಇಲ್ಲ. ಬರಿಗಣ್ಣಿಗೇ ಗೊತ್ತಾಗುವ ಈ ದೋಷವನ್ನು ಇಬ್ನ್ ಶಾತಿರ್ ಮರಿ ವೃತ್ತಕ್ಕೆ ಇನ್ನೊಂದು ಮರಿ ವೃತ್ತ ಸೇರಿಸಿ ಸರಿಪಡಿಸಿದರು. ಭೂಮಿಯನ್ನು ಮಾತ್ರ ಅವರು ನಡುವಿನಿಂದ ಕದಲಿಸಲಿಲ್ಲ.

ಅದೇ ಕಾಲದ ಸಿರಿಯಾ ಮತ್ತು ಈಜಿಪ್ಟಿನಲ್ಲಿ ಮಮ್ಲೂಕ್ ಸುಲ್ತಾನರ ಮಸೀದಿಗಳಿಗಾಗಿ ಗಾಜಿನ ದೀಪಗಳು ತಯಾರಾಗುತ್ತಿದ್ದವು. ಮೈಮೇಲೆ ಚಿನ್ನದ ಲೇಪ, ಕೆಂಪು ನೀಲಿ ಎನಾಮಲ್ ಬರಹ. ಎಷ್ಟೋ ದೀಪಗಳ ಮೇಲೆ ಸೂರಃ ಅನ್ನೂರ್‌ನ 35ನೇ ವಚನದ ಭಾಗವಿದೆ. ಗಾಜನ್ನು ಹೊಳೆಯುವ ನಕ್ಷತ್ರಕ್ಕೆ ಹೋಲಿಸುವುದು ಅದೇ ವಚನದಲ್ಲಿ.

ಇನ್ನು ಕೋಪರ್ನಿಕಸ್. ಪೋಲೆಂಡಿನ ಈತ 1491ರಿಂದ 1495ರವರೆಗೆ ಕ್ರಾಕೋವ್ ನಗರದ ವಿಶ್ವವಿದ್ಯಾಲಯದಲ್ಲಿ ಓದಿದ. ಮುಂದೆ ಇಟಲಿಯ ಪಡುವಾದಲ್ಲಿ ವೈದ್ಯಶಾಸ್ತ್ರವನ್ನೂ ಕಲಿತ. 1543ರಲ್ಲಿ ಅಚ್ಚಾದ ಗ್ರಂಥದಲ್ಲಿ ಸೂರ್ಯನನ್ನು ನಡುವೆ ನಿಲ್ಲಿಸಿದ. ಈಕ್ವಾಂಟ್ ಅವನಿಗೂ ಹಿಡಿಸಿರಲಿಲ್ಲ, ಕಾರಣವೂ ಹೆಚ್ಚುಕಡಿಮೆ ಅದೇ. ಅದನ್ನು ತೆಗೆದುಹಾಕಲು ಅವನು ಬಳಸಿದ ಜ್ಯಾಮಿತಿಯಲ್ಲಿ ತೂಸಿ ಜೋಡಿ ಇದೆ. ಅವನ ಚಂದ್ರನ ಮಾದರಿಯು ಇಬ್ನ್ ಶಾತಿರ್ ಅವರ ಮಾದರಿಯೇ ಆಗಿದೆ, ಅಂಕಿಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಅಷ್ಟೆ. 1950ರ ದಶಕದಲ್ಲಿ ಇತಿಹಾಸಕಾರರು ಹಸ್ತಪ್ರತಿಗಳನ್ನು ಹೋಲಿಸಿದಾಗ ಇದು ಬೆಳಕಿಗೆ ಬಂತು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಇದೇ ವಿಷಯ ವಾಟ್ಸಾಪ್‌ನಲ್ಲಿ 'ಕೋಪರ್ನಿಕಸ್ ಮುಸ್ಲಿಮರಿಂದ ಕದ್ದ' ಎಂಬ ತಲೆಬರಹದಲ್ಲಿ ಓಡಾಡುತ್ತಿದೆ. ನಮ್ಮ ವಿದ್ಯಾರ್ಥಿಗಳೇ ಹೆಮ್ಮೆಯಿಂದ ನನಗೆ ಕಳಿಸಿದ್ದಾರೆ. ನಮಗೆ ಖಚಿತವಾಗಿ ಗೊತ್ತಿರುವುದು ಗಣಿತ ಒಂದೇ ಎಂಬುದು. ಕೋಪರ್ನಿಕಸ್ ತನ್ನ ಗ್ರಂಥದಲ್ಲಿ ಅಲ್ ಬತ್ತಾನಿ, ಸಾಬಿತ್ ಇಬ್ನ್ ಕುರ್ರಾ, ಅಲ್ ಜರ್ಕಾಲಿ, ಇಬ್ನ್ ರುಶ್ದ್ ಇವರ ಹೆಸರನ್ನು ಬಿಚ್ಚುಮನಸ್ಸಿನಿಂದ ಹೇಳಿದ್ದಾನೆ. ತೂಸಿಯ ಹೆಸರನ್ನಾಗಲಿ ಇಬ್ನ್ ಶಾತಿರ್ ಹೆಸರನ್ನಾಗಲಿ ಹೇಳಿಲ್ಲ. ತೂಸಿ ಜೋಡಿಯ ಚಿತ್ರವಿರುವ ಒಂದು ಗ್ರೀಕ್ ಹಸ್ತಪ್ರತಿ ಅವನ ಕಾಲಕ್ಕಾಗಲೇ ರೋಮ್‌ನ ವ್ಯಾಟಿಕನ್ ಗ್ರಂಥಾಲಯಕ್ಕೆ ಬಂದಿತ್ತು. ಅವನು ಅದನ್ನು ನೋಡಿದ್ದನೆಂಬುದಕ್ಕೆ ದಾಖಲೆ ಸಿಕ್ಕಿಲ್ಲ. ತಾನೇ ಸ್ವತಂತ್ರವಾಗಿ ಕಂಡುಕೊಂಡಿರಬಹುದು ಎನ್ನುವ ವಿದ್ವಾಂಸರಿದ್ದಾರೆ, ಅಷ್ಟೊಂದು ಹೋಲಿಕೆ ಆಕಸ್ಮಿಕವಾಗಲಾರದು ಎನ್ನುವವರು ಹೆಚ್ಚು. ಕಳ್ಳತನ ಎನ್ನಬೇಕಾದರೆ ಪುರಾವೆ ಬೇಕು, ಅದು ನಮ್ಮ ಬಳಿ ಇಲ್ಲ. ಇಬ್ನುಲ್ ಹೈಸಮ್ ಟಾಲೆಮಿಯ ಮೇಲೆ ಸಂದೇಹ ಎತ್ತಿದ್ದು ಗೌರವ ಇಟ್ಟುಕೊಂಡೇ, ಒಂದೊಂದು ವಾದವನ್ನೂ ತೂಗಿ ನೋಡಿ. ಅವರ ಹೆಸರಿನಲ್ಲಿ ಹೆಮ್ಮೆಪಡುವವರು ಫಾರ್ವರ್ಡ್ ಒತ್ತುವ ಮೊದಲು ಅಷ್ಟಾದರೂ ಮಾಡಬೇಕೆಂದು ನನ್ನ ಕೋರಿಕೆ.

ಈಗ ಕಿಟಕಿಗೆ ಬರೋಣ. ಕೋಪರ್ನಿಕಸ್ ಓದಿದ ಅದೇ ಕ್ರಾಕೋವ್‌ನಲ್ಲಿ ವೈದ್ಯರ ಸಂಘದ ಒಂದು ಕಟ್ಟಡವಿದೆ. 1904–05ರಲ್ಲಿ ಅದರ ಒಳಾಂಗಣದ ಅಲಂಕಾರದ ಕೆಲಸ ಸ್ಟಾನಿಸ್ಲಾವ್ ವಿಸ್ಪಿಯಾನ್ಸ್ಕಿಗೆ (1869–1907) ಸಿಕ್ಕಿತು. ಆತ ಚಿತ್ರಕಾರ, ಕವಿ, ನಾಟಕಕಾರ. ಮೆಟ್ಟಿಲುಗಳ ಕಂಬಿಗೆ ಚೆಸ್ಟ್‌ನಟ್ ಮರದ ಎಲೆಗಳ ವಿನ್ಯಾಸ ಕೊಟ್ಟ, ಕುರ್ಚಿಗಳನ್ನು ಕೂಡ ತಾನೇ ವಿನ್ಯಾಸ ಮಾಡಿದ. ಮೆಟ್ಟಿಲ ಬಳಿಯ ದೊಡ್ಡ ಕಿಟಕಿಗೆ ಬಣ್ಣದ ಗಾಜಿನಲ್ಲಿ 'ಅಪೊಲೊ: ಕೋಪರ್ನಿಕಸನ ಸೌರವ್ಯೂಹ' ಎಂಬ ಚಿತ್ರವನ್ನು ರಚಿಸಿದ. ನಾನು ಕಂಡಿರುವುದು ಇದರ ಫೋಟೊಗಳನ್ನು ಮಾತ್ರ. ಗಾಢ ನೀಲಿಯ ನಡುವೆ ಗ್ರೀಕರ ಸೂರ್ಯದೇವತೆ ಅಪೊಲೊ, ಅವನ ತಂತಿವಾದ್ಯ, ಸುತ್ತಲೂ ಮನುಷ್ಯರೂಪ ತಳೆದ ಗ್ರಹಗಳು. ವೈದ್ಯರ ಕಟ್ಟಡಕ್ಕೆ ಅಪೊಲೊ ಯಾಕೆ ಎಂದರೆ, ಗ್ರೀಕರಿಗೆ ಅವನು ವೈದ್ಯಕ್ಕೂ ಅಧಿಪತಿ. ಕೋಪರ್ನಿಕಸ್ ಕೂಡ ವೈದ್ಯನಾಗಿದ್ದ ಎಂದು ಆಗಲೇ ಹೇಳಿದೆನಲ್ಲ.

ಈ ಚಿತ್ರದಲ್ಲಿ ಸೂರ್ಯ ಮೆರವಣಿಗೆ ಹೊರಟ ರಾಜನ ಹಾಗಿಲ್ಲ. ಅವನನ್ನು ಕಟ್ಟಿಹಾಕಿದ್ದಾರೆ. ಕಲಾವಿಮರ್ಶಕರು ಇದಕ್ಕೆ ಬೇರೆ ಬೇರೆ ಅರ್ಥ ಹೇಳುತ್ತಾರೆ. ಭೌತಶಾಸ್ತ್ರ ಕಲಿಸುವ ನನಗೆ ಹೊಳೆಯುವ ಅರ್ಥ ಸರಳ. ಕೋಪರ್ನಿಕಸನ ವ್ಯವಸ್ಥೆಯಲ್ಲಿ ಗ್ರಹಗಳೆಲ್ಲ ಓಡುತ್ತವೆ, ಓಡುವ ಸ್ವಾತಂತ್ರ್ಯ ಸೂರ್ಯನಿಗಿಲ್ಲ. ಅಲ್ಲಿಯವರೆಗೆ ದಿನವೂ ರಥವೇರಿ ಆಕಾಶ ದಾಟುತ್ತಿದ್ದವನನ್ನು ಖಗೋಳಶಾಸ್ತ್ರಜ್ಞನೊಬ್ಬ ಒಂದೇ ಕಡೆ ಕಟ್ಟಿ ನಿಲ್ಲಿಸಿದ. ಚಿತ್ರಕಾರ ಗಣಿತದ ಒಂದು ಊಹೆಯನ್ನು ಓದಿ ಅದರಿಂದ ಸೂರ್ಯನಿಗೆ ಏನಾಯಿತು ಎಂದು ಯೋಚಿಸಿದ್ದಾನೆ. ಪಠ್ಯಪುಸ್ತಕದ ರೇಖಾಚಿತ್ರ ನೋಡುವಾಗ ನಮಗ್ಯಾರಿಗೂ ಈ ಯೋಚನೆ ಬರುವುದಿಲ್ಲ.

ಇಂಥ ಕಿಟಕಿ ಮಾಡುವ ಕೆಲಸವೂ ತಿಳಿಯಬೇಕಾದದ್ದೇ. ಮೊದಲು ಕಿಟಕಿಯಷ್ಟೇ ದೊಡ್ಡ ಕಾಗದದ ಮೇಲೆ ಪೂರ್ಣ ಚಿತ್ರ. ಅದರಲ್ಲಿ ಯಾವ ತುಂಡು ಯಾವ ಬಣ್ಣ, ಎಲ್ಲಿ ಕತ್ತರಿಸಬೇಕು ಎಂದು ಗುರುತು. ಒಂದೊಂದು ತುಂಡನ್ನೂ ಆಯಾ ಬಣ್ಣದ ಗಾಜಿನಿಂದ ಕತ್ತರಿಸಿ, ಮುಖ, ಬೆರಳು, ಬಟ್ಟೆಯ ಮಡಿಕೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಾರೆ. ಆಮೇಲೆ ಸೀಸದ ಪಟ್ಟಿಗಳ ನಡುವೆ ತುಂಡುಗಳನ್ನು ಕೂರಿಸಿ ಬೆಸುಗೆ ಹಾಕುತ್ತಾರೆ. ಆ ಪಟ್ಟಿಯನ್ನು ಅಡ್ಡ ಕೊಯ್ದು ನೋಡಿದರೆ ಅಂಚು ಇಂಗ್ಲಿಷ್‌ನ ಎಚ್ ಅಕ್ಷರದಂತಿರುತ್ತದೆ, ಎರಡೂ ಬದಿಯ ಸಂದಿನಲ್ಲಿ ಗಾಜು ಕೂರುತ್ತದೆ. ದೂರದಿಂದ ಕಾಣುವ ಕಪ್ಪು ಗೆರೆಗಳು ಈ ಸೀಸವೇ.

ಬಣ್ಣದ ಕೆಲಸ ರಸಾಯನಶಾಸ್ತ್ರದ್ದು. ಬೊರಾಕ್ಸ್ ಮಣಿ ಪರೀಕ್ಷೆಯಲ್ಲಿ ಕೋಬಾಲ್ಟ್ ಇದ್ದರೆ ಮಣಿ ಕಡುನೀಲಿಯಾಗುತ್ತದೆಯಲ್ಲ, ಕಿಟಕಿಗಳ ನೀಲಿ ಗಾಜಿಗೂ ಹೆಚ್ಚಾಗಿ ಅದೇ ಕೋಬಾಲ್ಟ್ ಬಳಸುತ್ತಾರೆ. ಮ್ಯಾಂಗನೀಸ್‌ನಿಂದ ನೇರಳೆ, ಕಬ್ಬಿಣದಿಂದ ಹಸಿರು, ತಾಮ್ರ ಅಥವಾ ಚಿನ್ನದಿಂದ ಕೆಂಪು. ತಾಮ್ರದ ಕೆಂಪು ಎಷ್ಟು ಗಾಢವೆಂದರೆ ಪೂರ್ತಿ ಗಾಜಿಗೆ ಸೇರಿಸಿದರೆ ಕಪ್ಪಾಗಿಯೇ ಕಾಣುತ್ತದೆ, ಅದಕ್ಕಾಗಿ ಬಿಳಿ ಗಾಜಿನ ಮೇಲೆ ತೆಳುವಾದ ಕೆಂಪು ಪದರ ಮಾತ್ರ ಕೊಡುತ್ತಾರೆ. ಹಳದಿಗೆ ಬೆಳ್ಳಿಯ ಲವಣವನ್ನು ಗಾಜಿಗೆ ಬಳಿದು ಬಿಸಿ ಮಾಡುತ್ತಾರೆ, ಬಣ್ಣ ಗಾಜಿನೊಳಕ್ಕೆ ಇಳಿಯುತ್ತದೆ. ಯುರೋಪಿನ ಕಿಟಕಿಗಳಲ್ಲಿ ಈ ಹಳದಿ ಕಾಣುವುದು 14ನೇ ಶತಮಾನದಿಂದ. ಬೆಳ್ಳಿ, ತಾಮ್ರದ ಲವಣಗಳಿಂದ ಗಾಜಿನ ಮೇಲೆ ಬಣ್ಣ ಬರೆಯುವ ವಿದ್ಯೆ ಈಜಿಪ್ಟ್, ಸಿರಿಯಾದ ಕುಶಲಕರ್ಮಿಗಳಿಗೆ 8ನೇ ಶತಮಾನದಲ್ಲೇ ತಿಳಿದಿತ್ತು.

ಕ್ರಾಕೋವ್‌ನ ಆ ಕಿಟಕಿ ಎರಡನೆಯ ಮಹಾಯುದ್ಧದಲ್ಲಿ ಒಡೆದುಹೋಯಿತು. ವಿನ್ಯಾಸ ಉಳಿದಿದ್ದರಿಂದ ನಂತರ ಮತ್ತೆ ಮಾಡಿ ಕೂರಿಸಿದರು. ಇಂದು ಅಲ್ಲಿರುವುದು ಆ ಮರುನಿರ್ಮಾಣ. ಆಕಾಶದ ಗಾಜು ಒಡೆದದ್ದು ಅದಕ್ಕೂ ಬಹಳ ಮೊದಲು. 1577ರ ಧೂಮಕೇತುವನ್ನು ಅಳೆದು ನೋಡಿದ ಟೈಕೊ ಬ್ರಾಹೆ, ಅದು ಚಂದ್ರನಿಗಿಂತ ಆಚೆ, ಗ್ರಹಗಳ ಗೋಳಗಳು ಇರಬೇಕಾದ ಜಾಗದಲ್ಲೇ ಸಾಗುತ್ತಿದೆ ಎಂದು ಕಂಡುಕೊಂಡ. ಘನ ಗೋಳಗಳಿದ್ದರೆ ಧೂಮಕೇತು ತೂರಿಹೋಗುವುದು ಹೇಗೆ? ಮುಂದೆ 1609ರಲ್ಲಿ ಕೆಪ್ಲರ್ ವೃತ್ತಗಳನ್ನೂ ಬಿಟ್ಟು ದೀರ್ಘವೃತ್ತಕ್ಕೆ ಹೋದ. ಅಂದರೆ ವಿಸ್ಪಿಯಾನ್ಸ್ಕಿ ಗಾಜಿನಲ್ಲಿ ಬರೆದ ಮಾದರಿಯೂ ಬರೆಯುವ ಹೊತ್ತಿಗೆ ಹಳತಾಗಿತ್ತು. ಸೂರ್ಯ ಕೂಡ ನಿಂತಿಲ್ಲ, ನಕ್ಷತ್ರಪುಂಜದಲ್ಲಿ ಓಡುತ್ತಿದ್ದಾನೆ ಎಂದು ಇಂದು ನಮಗೆ ಗೊತ್ತು.

ಗ್ರಹಗಳನ್ನು ಮನುಷ್ಯರಂತೆ ಬರೆದರೆ ಅದು ವಿಜ್ಞಾನಕ್ಕೆ ಅಪಚಾರವಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಅಳತೆಗೆ ನಿಷ್ಠವಾಗಿರುವ ಗಾಜಿನ ಕಲೆಯೂ ಉಂಟು. ಅಮೆರಿಕದ ಜೊಸಾಯ ಮೆಕೆಲ್ಹೆನಿ 2005ರಲ್ಲಿ ಡೇವಿಡ್ ವೈನ್‌ಬರ್ಗ್ ಎಂಬ ವಿಶ್ವವಿಜ್ಞಾನಿಯ ಜೊತೆ ಸೇರಿ ಮಹಾಸ್ಫೋಟದ ಮಾದರಿಯನ್ನು ಒಂದು ದೊಡ್ಡ ಗಾಜಿನ ತೂಗುದೀಪವಾಗಿ ಮಾಡಿದ. ಅದರಲ್ಲಿ ಸರಳುಗಳ ಉದ್ದ ಕಾಲದ ಅಳತೆ, ಗಾಜಿನ ಬಿಲ್ಲೆಗಳ ಗೊಂಚಲು ಗೆಲಾಕ್ಸಿಗಳ ಗುಂಪು. ಎರಡರಲ್ಲಿ ನನಗೆ ಹೆಚ್ಚು ಇಷ್ಟ ಕ್ರಾಕೋವ್‌ನದೇ. ತೂಗುದೀಪದ ಪಕ್ಕದಲ್ಲಿ ವಿವರಣೆಯ ಫಲಕ ಬೇಕು, ಕಟ್ಟಿಹಾಕಿದ ಸೂರ್ಯನಿಗೆ ಬೇಡ.

ಬಿಸಿಲು ಬೀಳುವ ಯಾವ ಬಣ್ಣದ ಕಿಟಕಿಯಾದರೂ ಸರಿ, ನೆಲದ ಮೇಲೆ ಬಿದ್ದ ಬಣ್ಣದ ಚೌಕಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿ. ಚೌಕ ಸರಿದಿರುತ್ತದೆ. ಇದರಿಂದ ಭೂಮಿ ತಿರುಗುತ್ತದೆಂದು ಸಾಬೀತಾಯಿತೆ? ಇಲ್ಲ. ಸೂರ್ಯ ಸುತ್ತಿದರೂ ಚೌಕ ಹೀಗೆಯೇ ಸರಿಯುತ್ತದೆ. ಟಾಲೆಮಿಯನ್ನು ಸೋಲಿಸುವುದು ಅಷ್ಟು ಸುಲಭವಿರಲಿಲ್ಲ. ಆದರೆ ಅವನ ಚಂದ್ರನನ್ನು ನೀವೇ ಪರೀಕ್ಷಿಸಬಹುದು. ಹಿಜರಿ ತಿಂಗಳ 7ರ ಸುಮಾರಿಗೆ ಚಂದ್ರ ಅರ್ಧ, 14ರ ಸುಮಾರಿಗೆ ಪೂರ್ಣ. ಎರಡೂ ರಾತ್ರಿ ಕೈ ಪೂರ್ತಿ ಚಾಚಿ ಒಂದು ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಚಂದ್ರನ ಮೇಲ್ತುದಿಯಿಂದ ಕೆಳತುದಿಯವರೆಗಿನ ಅಗಲವನ್ನು ಪೆನ್ಸಿಲಿನ ದಪ್ಪಕ್ಕೆ ಹೋಲಿಸಿ. ಟಾಲೆಮಿಯ ಲೆಕ್ಕದಂತೆ 7ರ ಚಂದ್ರ 14ರ ಚಂದ್ರನಿಗಿಂತ ಎದ್ದು ಕಾಣುವಷ್ಟು ದೊಡ್ಡದಾಗಿರಬೇಕು. ಕಂಡದ್ದನ್ನು ದಿನಾಂಕ, ಸಮಯದೊಂದಿಗೆ ಬರೆದು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ರಟ್ಟಿನಲ್ಲಿ ತೂಸಿ ಜೋಡಿ ಮಾಡಬಯಸುವವರು ದೊಡ್ಡ ವೃತ್ತದ ಒಳ ಅಂಚಿಗೂ ಸಣ್ಣದರ ಹೊರ ಅಂಚಿಗೂ ಮರಳು ಕಾಗದ ಅಂಟಿಸಿಕೊಳ್ಳಿ, ಇಲ್ಲದಿದ್ದರೆ ಜಾರುತ್ತದೆ.